ಬೀಜದ ಜೋಳದ ರೊಟ್ಟಿ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮೂರು ಶಿಗ್ಲಿಯಲ್ಲಿ ಆಗ ನನ್ನ ಬಾಯಿಗೆ ಸಿಗದವರಿರಲಿಲ್ಲ. ಕಂದಾಯದ ತಲಾಟಿಯ ಕೆಮ್ಮು, ಮಾಸ್ತರರ ಮೂಗುಮಾತು, ಅಪ್ಪನ ಗೊರಕೆ, ಎಲ್ಲವನ್ನೂ ಅಣಕಿಸುತ್ತಿದ್ದೆ. ಇನ್ನೂ ಬಾರದ ಮೀಸೆಯನ್ನು ಕನ್ನಡಿಯಲ್ಲಿ ತಿರುವುವ ನನ್ನನ್ನೂ ಬಿಟ್ಟಿರಲಿಲ್ಲ.

ಹಿಂಗಾರಿ ಬಿತ್ತನೆಗೆ ಮುಂಚೆ ಲಕ್ಷ್ಮೇಶ್ವರದಲ್ಲಿ ಬೀಜದ ಕಾಯ್ದೆಯ ಸಭೆಯಾಯಿತು. ಅಪ್ಪನ ಬದಲು ನಾನು ಹೋದೆ. ಮೈಸೂರು ಕಡೆಯ ಸಾಹೇಬರು ಕನ್ನಡಕ ಒರೆಸುತ್ತ, "ನೋಡಿ ಸ್ವಾಮಿ, ಸರ್ಕಾರ ಗೊತ್ತುಪಡಿಸಿದ ತಳಿಯ ಬೀಜವನ್ನು ಚೀಲದ ಮೇಲೆ ಚೀಟಿ ಇಲ್ಲದೆ ಮಾರಿದರೆ ದಂಡ, ಆಮೇಲೆ ಜೈಲು" ಎಂದರು. ಹಿಂದಿನಿಂದ ಒಬ್ಬ ಮುದುಕ ಎದ್ದು, "ನಮ್ಮ ಹೊಲದಾಗ ಬೆಳದದ್ದನ್ನ ಮನಿಯಾಗ ಕುಂತು ಕೊಟ್ರರಿ?" ಎಂದ.

"ಅದಕ್ಕೆ ಅಡ್ಡಿಯಿಲ್ಲ. ನೀವು ಬೆಳೆದದ್ದನ್ನು ನಿಮ್ಮ ಮನೆಯಲ್ಲೇ, ಬಿತ್ತುವವರ ಕೈಗೇ ಕೊಡಿ, ಮಾರಿ."

ಎರಡನ್ನೂ ಕೇಳಿದ್ದೆ. ಆದರೆ ನಗು ಬರುವಂಥದ್ದು ಮೊದಲ ಮಾತೇ.

ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಸರ್ಕಾರದ ಜೋಳದ ತಳಿಯನ್ನು ಒಮ್ಮೆ ತಂದು, ವರ್ಷವರ್ಷವೂ ದಪ್ಪ ತೆನೆ ಆರಿಸಿ, ಬೂದಿ, ಬೇವಿನೆಲೆ ಬೆರೆಸಿ, ಎರಡು ಗಡಗಿ ತುಂಬಿ ಸಗಣಿಯಿಂದ ಬಾಯಿ ಮೆತ್ತಿಡುತ್ತಿದ್ದಳು. ಓಣಿಯ ಅರ್ಧ ಹೊಲಗಳಿಗೆ ಬೀಜ ಅಲ್ಲಿಂದಲೇ, ನಾಲ್ಕು ಕಾಸಿಗೆ. ಬೀಜ ಕೇಳಿ ಬಂದವರಿಗೆ ಇದ್ದುದನ್ನು ಇಲ್ಲ ಎನ್ನಬಾರದೆಂಬುದು ಅವಳ ಅತ್ತೆಯ ಕಾಲದಿಂದ ಬಂದ ಕಟ್ಟಳೆ.

ಅವಳ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದಾಗ ನಾನು ಕನ್ನಡಕ ಒರೆಸಿದಂತೆ ಮಾಡಿ, "ನೋಡಿ ಸ್ವಾಮಿ" ಎಂದು ಶುರು ಮಾಡಿ ಮಾತನ್ನು ಜೈಲಿಗೆ ತಂದು ನಿಲ್ಲಿಸಿದೆ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. ದೊಡ್ಡವ್ವನೂ ಸೆರಗು ಬಾಯಿಗಿಟ್ಟು ನಕ್ಕಳು.

"ಖರೇನೋ ಮಂಗ್ಯಾ?"

"ಖರೆ ಅಂದ್ರ ಖರೆ. ಜೀಪಿನ್ಯಾಗ ಮೊದಲ ನಿನ್ನ ಒಯ್ತಾರ. ಎಲಿ ಅಡಕಿ ಚೀಲ ತಗೊಂಡ ಕುಂಡ್ರು!"

ಎಂಟು ದಿನ ಬಿಟ್ಟು ಹೋದಾಗ ಬಿಸಿ ರೊಟ್ಟಿ ಬಡಿದು ಹಾಕಿದಳು.

"ಏನ್ ರುಚಿ ಆಗೈತಿ ದೊಡ್ಡವ್ವಾ!"

"ಬೀಜದ ಜ್ವಾಳ ಅಲ್ಲೇನೋ, ರುಚಿ ಇರತೈತಿ."

ಮೂಲೆಯಲ್ಲಿ ಎರಡೂ ಗಡಗಿ ಬೋರಲು ಬಿದ್ದಿದ್ದವು.

"ಕೇಳಾಕ ಬಂದವರಿಗೆ ಇದ್ದದ್ದ ಇಲ್ಲ ಅಂತ ಹೆಂಗ ಸುಳ್ಳ ಹೇಳ್ಲಿ? ತೊಳದು ಒಣಗಿಸಿ ಗಿರಣಿಗೆ ಹಾಕಿಸಿಬಿಟ್ನಿ. ಈಗ ಇಲ್ಲ ಅಂದ್ರ ಖರೇನ ಇಲ್ಲ."

"ನಾ ಆಟ ಆಡಾಕತ್ತೇನಿ ಅಂತ ಗೊತ್ತಾಗಲಿಲ್ಲೇನ ನಿನಗ?"

"ಧ್ವನಿ ನಿಂದು ಅಂತ ಗೊತ್ತಿತ್ತು. ಮಾತು ಸಾಹೇಬರದಲ್ಲೇನು?"

ನಾನು ನುಂಗಿದ್ದ, ಸಾಹೇಬರ ಇನ್ನರ್ಧ ಮಾತನ್ನು ಆಗ ಹೇಳಿದೆ. ಅಣಕವಿಲ್ಲದ ನನ್ನ ಸ್ವಂತ ಧ್ವನಿ ನನಗೇ ಪರಕೀಯವಾಗಿ ಕೇಳಿಸಿತು. ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು.

"ಮತ್ತ ಅದನ್ಯಾಕ ಅವತ್ತ ಹೇಳಲಿಲ್ಲೋ?"

ಸಿಟ್ಟಿನಿಂದ ಕೇಳಿದ್ದರೆ ಆ ಸಿಟ್ಟನ್ನೂ ಅಣಕಿಸಿ ಪಾರಾಗುತ್ತಿದ್ದೆ. ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವಳು ಬುಟ್ಟಿ ಹಿಡಿದು ಬಂದಳು. "ಎಕ್ಕಾ, ನಾಳಿ ಬಿತ್ತಾಕ ಹೊಂಟೇವಿ. ಬೀಜ ಕೊಡಬೇ."

"ಈ ವರ್ಷ ಇಲ್ಲವ್ವಾ."

"ಎರಡ ಗಡಗಿ ಇದ್ವಲ್ಲಬೇ?"

ದೊಡ್ಡವ್ವ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಹುಳಾ ಬಿದ್ದಿತ್ತವ್ವಾ" ಎಂದಳು.

ಸುಳ್ಳು ಹೇಳಬಾರದೆಂದೇ ಎರಡು ಗಡಗಿ ಬೀಜ ಬೀಸಿಸಿದವಳು ನನಗಾಗಿ ಸುಳ್ಳು ಹೇಳಿದಳು. ಖಾಲಿ ಬುಟ್ಟಿ ಹೊಸ್ತಿಲು ದಾಟಿ ಹೋಯಿತು. ಬೀಜಕ್ಕೆ ಬಿದ್ದ ಹುಳ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕೂತಿತ್ತು.