ಕುಬುಸದ ಮನೆಯಲ್ಲಿ ಕಂಡಕ್ಟರ್ ದನಿ

ಎರಡು ವರ್ಷದ ಹಿಂದಿನ ಶ್ರಾವಣ. ಯಳವತ್ತಿಯ ನನ್ನ ತವರುಮನೆಯಲ್ಲಿ ತಮ್ಮನ ಹೆಂಡತಿ ಸಾವಿತ್ರಿಯ ಕುಬುಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯವನ್ನು ನಮ್ಮ ಕಡೆ ಕುಬುಸ ಎನ್ನುತ್ತೇವೆ. ಆಗ ನನ್ನ ಮದುವೆಯಾಗಿ ಐದು ವರ್ಷ. ಮಕ್ಕಳಿರಲಿಲ್ಲ.

ನನ್ನ ಯಜಮಾನರು ಬಸ್ ಕಂಡಕ್ಟರ್. ಮನೆ ಬೆಟಗೇರಿಯಲ್ಲಿ. ಗದಗಿನಿಂದ ಲಕ್ಷ್ಮೇಶ್ವರದವರೆಗಿನ ಅರ್ಧ ಮಂದಿಗೆ ಇವರು ಗೊತ್ತು. ಟಿಕೆಟ್ ತೆಗೆದುಕೊಳ್ಳುತ್ತಲೇ "ಏನ್ರೀ ಕಂಡಕ್ಟರ್ರ, ಪೇಢೆ ಯಾವಾಗ?" ಎಂದು ಕೂಸು ಹುಟ್ಟಿದ ಸಿಹಿ ಕೇಳುವವರೇ ಎಲ್ಲರೂ. ಇವರು ನಕ್ಕು ಮುಂದಿನ ಸೀಟಿಗೆ ಹೋಗುತ್ತಿದ್ದರು. ನನಗೋ ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹರಕೆ, ಉಪವಾಸ, ಮುಂಡರಗಿಯಿಂದ ತಂದ ಕಹಿ ಕಷಾಯ, ಎಲ್ಲವೂ ನನ್ನ ಪಾಲಿಗೇ ಬಂದಿದ್ದವು. ಇವರಿಗೆ ಒಂದು ಚಮಚ ಕುಡಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಕೊನೆಗೆ ಗದಗಿನ ಒಬ್ಬ ಡಾಕ್ಟರಮ್ಮ, "ಇಬ್ಬರದೂ ತಪಾಸಣಿ ಆಗ್ಲಿ" ಎಂದರು. ಇವರು ಮರುಮಾತಾಡದೆ ಮಾಡಿಸಿಕೊಂಡರು. ತೊಂದರೆ ಇವರಲ್ಲೇ ಇತ್ತು. ಔಷಧವಿದೆ, ಆದರೆ ತಾಳ್ಮೆ ಬೇಕು, ಖಂಡಿತ ಆಗುತ್ತದೆಂದು ಹೇಳಲಾರೆ ಎಂದರು ಡಾಕ್ಟರಮ್ಮ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಇವರು, "ಮನಿಯಾಗ ಹೇಳಿಬಿಡೂಣು. ನಿನಗ ಕಷಾಯ ಕುಡಸೂದರ ನಿಲ್ತೈತಿ" ಎಂದರು. ನಾನೇ ಬೇಡವೆಂದೆ. ದಿನವೂ ನೂರಾರು ಜನರ ನಡುವೆ ಓಡಾಡುವ ಗಂಡಸು. ಈ ಸುದ್ದಿ ಹಬ್ಬಿದರೆ ಬಸ್ಸಿನಲ್ಲಿ ತಲೆಯೆತ್ತಿ ಟಿಕೆಟ್ ಕೊಡುವುದಾದರೂ ಹೇಗೆ ಎಂಬ ಹೆದರಿಕೆ ನನಗಿತ್ತು.

ಕುಬುಸದ ದಿನ ಬೆಳಿಗ್ಗೆಯಿಂದ ಟೊಂಕ ಕಟ್ಟಿ ದುಡಿದಿದ್ದೆ. ಮನೆಮಗಳಾಗಿ ಮೊದಲ ಉಡಿ ನಾನೇ ತುಂಬಬೇಕೆಂದು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು ಇಟ್ಟ ಮೊರ ಹಿಡಿದು ಬಂದೆ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ನನ್ನ ರಟ್ಟೆ ಹಿಡಿದಳು.

"ನೀ ಸ್ವಲ್ಪ ಸರಿಯವಾ. ಮೊದ್ಲ ಮಕ್ಕಳ ತಾಯಂದ್ರು ತುಂಬ್ಲಿ. ಬಸುರಿ ಹೆಂಗಸು, ಏನರ ಹೆಚ್ಚುಕಮ್ಮಿ ಆದ್ರ?"

ದೊಡ್ಡವ್ವ ಕೆಟ್ಟವಳಲ್ಲ. ನನ್ನನ್ನು ಎತ್ತಿ ಆಡಿಸಿದವಳು. ಅದಕ್ಕೇ ಹೆಚ್ಚು ನೋವಾಯಿತು. ಮೊರ ಕೆಳಗಿಟ್ಟು ಗೋಡೆಗೆ ಸರಿದೆ.

ಊಟದ ಪಂಕ್ತಿಗೆ ನೀರು ನೀಡಲು ಪಡಸಾಲೆ ದಾಟುತ್ತಿದ್ದ ಇವರು ಅಲ್ಲೇ ನಿಂತರು. ನಿಲ್ದಾಣದಲ್ಲಿ "ಶಿರಹಟ್ಟಿ, ಲಕ್ಷ್ಮೇಶ್ವರ" ಎಂದು ಕೂಗಿ ಕೂಗಿ ಪಳಗಿದ ದನಿ. ಮೆಲ್ಲಗೆ ಮಾತಾಡುವುದು ಇವರಿಗೆ ಗೊತ್ತೇ ಇಲ್ಲ.

"ದೊಡ್ಡವ್ವಾರ, ಆಕೀನ್ಯಾಕ ಸರಸ್ತೀರಿ? ಆಕಿ ಗಟ್ಟಿಮುಟ್ಟ ಅದಾಳ. ಡಾಕ್ಟರು ಇಬ್ಬರ್ನೂ ನೋಡ್ಯಾರ, ಕೊರತಿ ನನ್ನೊಳಗ ಐತಿ. ಔಷಧ ತಗೊಳ್ಳಾಕತ್ತೀನಿ. ಸರಸೂದಿದ್ರ ನನ್ನ ಸರಸ್ರಿ, ನೀರ ನೀಡೂದು ಬಿಡ್ತೀನಿ."

ಒಳಗೆ ಮನೆ ತುಂಬ ಹೆಂಗಸರು, ಹೊರಗೆ ಕಟ್ಟೆ ತುಂಬ ಗಂಡಸರು. ಎಲ್ಲರ ಕಿವಿಗೂ ಬಿತ್ತು. ಭೂಮಿ ಬಾಯಿಬಿಡಬಾರದೆ ಎನಿಸಿತು ನನಗೆ. ಅದೇ ಗಳಿಗೆಯಲ್ಲಿ, ಇಂಥವರ ಹೆಂಡತಿ ನಾನು ಎಂದು ಎದೆಯೂ ಉಬ್ಬಿತು. ಎರಡೂ ನಿಜ. ಆಗ ಸಾವಿತ್ರಿ ಕುಳಿತಲ್ಲಿಂದಲೇ ನನ್ನತ್ತ ಸೆರಗು ಒಡ್ಡಿದಳು.

"ಅಕ್ಕಾರ, ಜಲ್ದಿ ಬಂದು ತುಂಬ್ರಿ. ನನಗ ಹಸಿವಾಗೇತಿ."

ಅಳುತ್ತಲೇ ತುಂಬಿದೆ. ಇವರು ಏನೂ ನಡೆದೇ ಇಲ್ಲವೆಂಬಂತೆ ನೀರು ನೀಡಲು ಹೋದರು.

ನನ್ನ ಹೆದರಿಕೆ ಸುಳ್ಳಾಗಲಿಲ್ಲ. ಸುದ್ದಿ ಬಸ್ಸಿಗೂ ಹತ್ತಿತು. ಹಿಂದಿನ ಸೀಟಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಆದರೆ ಕೆಲ ದಿನಗಳಲ್ಲೇ ಒಬ್ಬ ಪ್ರಾಯದವನು ಲಕ್ಷ್ಮೇಶ್ವರದಲ್ಲಿ ಎಲ್ಲರೂ ಇಳಿಯುವವರೆಗೆ ಕಾದು, "ಅಣ್ಣಾರ, ಆ ದವಾಖಾನಿ ಎಲ್ಲೈತ್ರಿ?" ಎಂದು ಪಿಸುದನಿಯಲ್ಲಿ ಕೇಳಿದನಂತೆ. ಹಾಗೆ ಕೇಳಿದ ಗಂಡಸರು ಈಗ ಬಹಳ ಮಂದಿ. ಒಂದಿಬ್ಬರು ಪೇಢೆಯನ್ನೂ ತಂದುಕೊಟ್ಟಿದ್ದಾರೆ. ನಮ್ಮ ಪೇಢೆ ಇನ್ನೂ ಬಾಕಿಯಿದೆ. ಔಷಧ ನಡೆದಿದೆ.

ಸಾವಿತ್ರಿಗೆ ಆ ವರ್ಷ ದೀಪಾವಳಿ ಮುಗಿದ ಮೇಲೆ ಹೆಣ್ಣು ಕೂಸಾಯಿತು. ಶಿರಹಟ್ಟಿಯ ಅವಳ ತವರಿನಲ್ಲಿ ತೊಟ್ಟಿಲಿಗೆ ಹಾಕಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ತಮಾಷೆಗೆ ಗುದ್ದುತ್ತಾರೆ. ಈ ಸಲ ನಾನಾಗಿ ಮುಂದೆ ಹೋಗಲಿಲ್ಲ. ದೊಡ್ಡವ್ವನೇ ಬಂದು ಅದೇ ರಟ್ಟೆ ಹಿಡಿದಳು.

"ಬಾರವಾ, ನೀನ ಹೇಳಬೇಕು" ಎಂದು ತೊಟ್ಟಿಲ ಬಳಿಗೆ ಎಳೆದುಕೊಂಡು ಹೋದಳು.

ಬಾಗಿ ಹೆಸರು ಹೇಳಿದ್ದೇ ತಡ, ಬೆನ್ನ ಮೇಲೆ ಗುದ್ದು ಬೀಳತೊಡಗಿದವು. ಎಲ್ಲಕ್ಕಿಂತ ಜೋರಾದದ್ದು ದೊಡ್ಡವ್ವನದು. ನಮಗೆ ಮಕ್ಕಳಾಗುತ್ತವೋ ಇಲ್ಲವೋ ನಾನರಿಯೆ. ಆದರೆ ಇವರು ಅಂದು ಬಾಯಿ ತೆರೆಯದಿದ್ದರೆ ಆ ಗುದ್ದುಗಳು ನನ್ನ ಪಾಲಿಗೆ ಬರುತ್ತಿರಲಿಲ್ಲ. ಊರಿಗೆ ಮರಳುವಾಗ ಸೀಟಿಗೆ ಬೆನ್ನು ಆನಿಸಲು ಆಗಲಿಲ್ಲ. ಬೆಟಗೇರಿಯವರೆಗೂ ಮುಂದಕ್ಕೆ ಬಾಗಿಯೇ ಕುಳಿತು ಬಂದೆ, ನಗುತ್ತ.