ಎಡಸೀಟಿನ ಕೊಸರು

ಮೈಸೂರಿನಿಂದ ತಿಪಟೂರಿಗೆ ಸುಮಾರು ನೂರ ಮೂವತ್ತು ಕಿಲೋಮೀಟರು. ನನ್ನ ಗಂಡ ಅಷ್ಟು ದೂರವನ್ನು ಟರ್ಬೊ ಇಂಜಿನ್ನಿನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಹೋದರು, ನಾನು ಸರ್ಕಾರಿ ಬಸ್ಸಿನಲ್ಲಿ ಹೋದೆ. ಹೊರಟಿದ್ದು ಒಂದೇ ಮನೆಯಿಂದ, ಸೇರಬೇಕಾಗಿದ್ದದ್ದೂ ಒಂದೇ ಜಾಗಕ್ಕೆ. ಜಗಳವೇನೂ ಆಗಿರಲಿಲ್ಲ. ಆ ಕಾರಿನಲ್ಲಿ ಕೂರಲು ನನ್ನ ಬೆನ್ನಿಗೆ ಆಗುತ್ತಿರಲಿಲ್ಲ, ಅಷ್ಟೆ.

ಕಾರಿನ ಕಥೆ ಮೊದಲು ಹೇಳಿಬಿಡುತ್ತೇನೆ. ನಮ್ಮವರು, ಅಂದರೆ ನಾಗರಾಜು, ನಿವೃತ್ತಿಯಾದ ಮೇಲೆ ಒಬ್ಬ ರೇಸ್ ಹುಚ್ಚಿನವನಿಂದ ಅದನ್ನು ಕೊಂಡರು. ಆ ಪುಣ್ಯಾತ್ಮ ಟ್ರ್ಯಾಕಿನಲ್ಲಿ ಓಡಿಸಲೆಂದು ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿಸಿ, ಸ್ಪ್ರಿಂಗುಗಳನ್ನು ಕಲ್ಲಿನ ಹಾಗೆ ಗಟ್ಟಿ ಮಾಡಿಸಿದ್ದ. ರಸ್ತೆಯ ಮೇಲೆ ಎಲೆ ಬಿದ್ದಿದ್ದರೂ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಮೊದಲೇ ಡಿಸ್ಕ್ ಜಾರಿದ ಬೆನ್ನು. ಕೊನೆಗೆ ನಾನು ಖಡಾಖಂಡಿತವಾಗಿ ಹೇಳಿದೆ: "ನಾನು ಕೂರೋ ಹಾಗಾದ್ರೆ ಇದು ಮನೇಲಿರಲಿ. ಇಲ್ಲಾಂದ್ರೆ ಮಾರಿ." ಕೊಳ್ಳಲು ಹಿಂದಿನ ಬೀದಿಯ ಡಾಕ್ಟರ ಮಗ ತುದಿಗಾಲಲ್ಲಿ ನಿಂತಿದ್ದ, ಸೋಮವಾರ ಬರುತ್ತೇನೆಂದಿದ್ದ. ಅಷ್ಟರಲ್ಲಿ ನಮ್ಮವರಿಗೆ ಯಾವುದೋ ವಾಟ್ಸಾಪ್ ಗುಂಪಿನಿಂದ, ತಿಪಟೂರು–ತುರುವೇಕೆರೆ ಕಡೆಯ ಒಂದು ತೋಟದಲ್ಲಿ ಇಂಥ ಕಾರುಗಳನ್ನು ಊರ ರಸ್ತೆಗೆ ಹೊಂದಿಸಿಕೊಡುವ ಮೆಕ್ಯಾನಿಕ್ ಇದ್ದಾನೆಂದು ತಿಳಿಯಿತು. ತೆಂಗಿನ ತೋಟದಲ್ಲಿ ರೇಸ್ ಕಾರಿನ ಮೆಕ್ಯಾನಿಕ್! ನನಗೆ ಆಗಲೇ ಅನುಮಾನ ಹತ್ತಿತು.

ಅನುಮಾನ ನನಗೆ ಕೆಲಸದಿಂದ ಬಂದ ಗುಣ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಪರೀಕ್ಷಾ ಕೊಠಡಿಗಳಲ್ಲಿ ಹದ್ದಿನ ಕಣ್ಣಿಟ್ಟು ಕಾದವಳು. ಇಬ್ಬರು ತಲೆ ಹತ್ತಿರ ತಂದರೆ ಚೀಟಿ ದಾಟಿತೆಂದೇ ನನ್ನ ಲೆಕ್ಕ.

ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಬಿಸಿ ವಡೆ, ಕಾಫಿ. ನುಗ್ಗೇಹಳ್ಳಿ ದಾಟುತ್ತಿದ್ದಂತೆ ಎರಡೂ ಕಡೆ ತೆಂಗು ಶುರುವಾಯಿತು. ಅಲ್ಲೊಂದು ಹಂಪಿನ ಮೇಲೆ ಕೆಂಪು ಕಾರು ಅಡ್ಡಡ್ಡ ತಿರುಗಿ, ಒಂದೊಂದೇ ಚಕ್ರ ಹತ್ತಿಸುತ್ತ ಒದ್ದಾಡುತ್ತಿತ್ತು. ಬಸ್ಸು ಅದನ್ನು ಹಿಂದೆ ಹಾಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅಯ್ಯೋ ಪಾಪ, ಅಷ್ಟ್ ದುಡ್ ಕೊಟ್ಟು ಹಾವಿನ್ ಥರ ತೆವಳ್ತಾವ್ನಲ್ಲ! ಯಾರೋ ಏನೋ," ಎಂದಳು. "ಯಾರೋ ಏನೋ," ಎಂದು ನಾನೂ ಅಂದೆ.

ತಿಪಟೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಕೊಬ್ಬರಿ ಚೀಲ ಹೊತ್ತ ಲಾರಿಗಳ ಹಿಂದೆ ಸಿಕ್ಕಿಕೊಂಡ ಆಟೋ ತೋಟ ಮುಟ್ಟಿಸುವ ಹೊತ್ತಿಗೆ ನಮ್ಮವರು ಇನ್ನೂ ಬಂದಿರಲಿಲ್ಲ. ಮೆಕ್ಯಾನಿಕ್ ಯೋಗೀಶ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ನಲವತ್ತರ ಆಸುಪಾಸು, ಬಾಯಿ ಬಡಾಯಿ. ಕೊಯಮತ್ತೂರಿನಲ್ಲಿ ರೇಸ್ ಕಾರುಗಳಿಗೆ ಕೈ ಹಾಕಿದವನು ತಾನೆಂದು ಗೋಡೆಯ ಮೇಲಿನ ಫೋಟೋ ತೋರಿಸಿದ. ಫೋಟೋದಲ್ಲಿ ಕಾರಿತ್ತು, ಜನರಿದ್ದರು, ಅಂಚಿನಲ್ಲೊಂದು ಮೊಣಕೈ ಇತ್ತು. "ಅದೇ ನಾನು," ಎಂದ. ಮೊಣಕೈ ನೋಡಿ ಕಾರು ಒಪ್ಪಿಸುವುದೇ?

ನಮ್ಮವರು ಬಂದ ಮೇಲೆ ಅವನು ಮೊದಲು ಕೇಳಿದ್ದು ನಮ್ಮ ತೂಕ.

"ನನ್ನ ತೂಕ ಯಾಕಪ್ಪ ನಿನಗೆ?"

"ಮೇಡಮ್ಮೋರೇ, ಖಾಲಿ ಕಾರ್ ನೋಡಿ ಎತ್ತರ ಇಡೋನು ಮೆಕಾನಿಕ್ಕೇ ಅಲ್ಲ ಬುಡಿ. ನೀವಿಬ್ರೂ ಕುಂತಾಗ ಎಷ್ಟು ಇಳೀತದೆ, ಅದು ಬೇಕು ನಂಗೆ."

"ಸರಿ, ಕೂರ್ತೀವಿ."

"ಸಾಯಂಕಾಲದ್ ಗಂಟ ಕುಂತಿರ್ತೀರಾ? ಮನುಷ್ರು ಅಲ್ಲಾಡ್ತಾರೆ ಕಣಮ್ಮ. ಕಾಯಿ ಅಲ್ಲಾಡಲ್ಲ."

ಅವನ ಉಪಾಯ ಇದು: ನಮ್ಮಿಬ್ಬರ ತೂಕಕ್ಕೆ ಸರಿಯಾಗಿ ಎರಡು ಚೀಲ ತೆಂಗಿನಕಾಯಿ ತುಂಬಿ ಸೀಟುಗಳ ಮೇಲೆ ಕೂರಿಸುವುದು, ಆಮೇಲೆ ಕೆಳಗೆ ಮಲಗಿ ಸ್ಪ್ರಿಂಗು ಹೊಂದಿಸುವುದು. ನಮ್ಮ ಕಾರಿನಲ್ಲಿ ತನ್ನ ಕಾಯಿ ಪೇಟೆಗೆ ಸಾಗಿಸುವ ಹುನ್ನಾರ ಎಂದುಕೊಂಡೆ. ಆದರೂ ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ನಾನೇ ಹತ್ತಿ ನಿಂತೆ, ಬಾಯಿಮಾತಿಗೆ ಬಿಡಲಿಲ್ಲ. ಎಷ್ಟು ಬಂತೆಂದು ಇಲ್ಲಿ ಬರೆಯುವುದಿಲ್ಲ. ಚೀಲಗಳನ್ನೂ ನನ್ನ ಕಣ್ಣೆದುರೇ ತೂಗಿಸಿದೆ. ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಬಲಸೀಟಿನಲ್ಲಿ ನಮ್ಮವರ ಚೀಲ ಕೂತಿತು, ಎಡಸೀಟಿನಲ್ಲಿ ನನ್ನದು.

ಯೋಗೀಶನ ಅಕ್ಕ ಗಂಗಮ್ಮ ತೋಟದ ಯಜಮಾನಿ. ಆಕೆ ಊಟಕ್ಕೆ ಕರೆದರು. ರಾಗಿ ಮುದ್ದೆ, ಹುರುಳಿ ಬಸ್ಸಾರು, ಮೇಲೆ ಗಟ್ಟಿ ಮೊಸರು. ಆಕೆ ಬಡಿಸಿ ಎಲ್ಲೋ ಹೊರಗೆ ಹೋಗಿ ಬಂದರು, ನಾನು ಉಣ್ಣುವುದರಲ್ಲಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ, ಕೊಬ್ಬರಿ ಒಣಗಿಸುವ ಅಟ್ಟದ ಮರೆಯಲ್ಲಿ ನಮ್ಮವರೂ ಯೋಗೀಶನೂ ತಲೆಗೆ ತಲೆ ಕೊಟ್ಟು ಪಿಸುಗುಟ್ಟುತ್ತಿದ್ದರು. ಇವರು ಏನೋ ಹೇಳಿದರು, ಅವನು ತಲೆ ಅಡ್ಡ ಆಡಿಸಿದ. ಇವರು ಮತ್ತೇನೋ ಹೇಳಿದರು, ಅವನು ಒಪ್ಪಿದ. ನನ್ನನ್ನು ಕಂಡದ್ದೇ ಇಬ್ಬರೂ ಗಪ್‌ಚಿಪ್.

"ಏನ್ರೀ ಅದು?"

"ಏನಿಲ್ಲ ಮಾರಾಯ್ತಿ, ಟೈರಿನ ಗಾಳಿ ವಿಷಯ."

ಟೈರಿನ ಗಾಳಿಗೆ ಅಟ್ಟದ ಮರೆ ಬೇಕೆ? ನನಗೆ ಮೋಸ ಮಾಡಿ ಕಾರು ಉಳಿಸಿಕೊಳ್ಳಲು ಇಬ್ಬರೂ ಒಳಗೊಳಗೇ ಸೇರಿದ್ದಾರೆಂದು ಖಾತ್ರಿಯಾಯಿತು.

ಊಟವಾದ ಮೇಲೆ ಯೋಗೀಶ ಗಟ್ಟಿ ಸ್ಪ್ರಿಂಗುಗಳನ್ನು ಬಿಚ್ಚಿ ಮೆತ್ತನೆಯವನ್ನು ಹಾಕಿದ. ಸ್ಪ್ರಿಂಗಿನ ಕೆಳಗಿನ ಉಂಗುರ ತಿರುಗಿಸಿ ಒಂದೊಂದು ಮೂಲೆಯನ್ನೂ ಸಮ ಎತ್ತರಕ್ಕೆ ತಂದ. ಶಾಕ್ ಅಬ್ಸಾರ್ಬರಿನ ಗುಂಡಿಯನ್ನು ಟಿಕ್ ಟಿಕ್ ಎಂದು ಸಡಿಲ ಮಾಡಿದ. ಕೊನೆಗೆ ಕಾರಿನ ಉದ್ದಕ್ಕೂ ದಾರ ಎಳೆದು ಕಟ್ಟಿ ಚಕ್ರ ನೇರ ಮಾಡಿದ. ಸಂಜೆ ಚೀಲಗಳನ್ನು ಇಳಿಸಿ ಶೆಡ್ಡಿನ ಮೂಲೆಗೆ ಹಾಕಿದ. ನಾವು ತಿಪಟೂರಿನ ಲಾಡ್ಜಿನಲ್ಲಿ ಉಳಿದೆವು.

ಶನಿವಾರ ಪರೀಕ್ಷೆಯ ಓಡಾಟ. "ನಯವಾದ ರಸ್ತೆಗೆ ಕರಕೊಂಡು ಹೋಗಿ ನನಗೆ ಟೋಪಿ ಹಾಕಬೇಡಿ. ದಾರಿ ನಾನು ಹೇಳ್ತೀನಿ," ಎಂದೆ. ಹಾಲ್ಕುರಿಕೆಯ ಮೇಲೆ ಹುಳಿಯಾರಿಗೆ ಹೋಗಿ, ಬೋರನಕಣಿವೆ ಜಲಾಶಯ ನೋಡಿ, ಚಿಕ್ಕನಾಯಕನಹಳ್ಳಿಯಿಂದ ಬಳಸಿ ಬರುವುದೆಂದು ತೀರ್ಮಾನವಾಯಿತು. ಹಾಲ್ಕುರಿಕೆವರೆಗೆ ನಾನು ಬಾಗಿಲಿನ ಹಿಡಿ ಬಿಡಲಿಲ್ಲ. ಹಂಪು ಬಂತು, ಹೋಯಿತು. ಗುಂಡಿ ಬಂತು, ಹೋಯಿತು. ಬೆನ್ನು ಚಕಾರವೆತ್ತಲಿಲ್ಲ. ಇದೂ ನನಗೆ ಅನುಮಾನವೇ. ನಮ್ಮವರು ಕಳ್ಳನ ಹಾಗೆ ಓರೆಗಣ್ಣಿನಲ್ಲಿ ನನ್ನ ಮುಖ ನೋಡುತ್ತಿದ್ದರು, ಕೇಳುವ ಧೈರ್ಯವಿರಲಿಲ್ಲ.

ಹುಳಿಯಾರು ದಾಟಿದ ಮೇಲೆ ಅವರೇ ಗೊಣಗಿದರು: "ಸ್ಟೇರಿಂಗ್ ಒಂದು ಚೂರು ಬಲಕ್ಕೆ ಎಳೀತಿದೆ ಕಣೇ."

ನನಗೆ ಅಷ್ಟೇ ಸಾಕಾಯಿತು. ಬೋರನಕಣಿವೆಯಲ್ಲಿ ನೀರಿನ ಮೇಲಿಂದ ಗಾಳಿ ತಣ್ಣಗೆ ಬೀಸುತ್ತಿತ್ತು, ನಾನು ಅದರ ಕಡೆ ನೋಡಲೂ ಇಲ್ಲ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಇಬ್ಬರೂ ಕೂತೇ ಇದ್ದು, ಕುರಿ ಹೊಡೆದುಕೊಂಡು ಬಂದ ಮುದುಕನನ್ನು ಕರೆದೆ. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಲು ಹೇಳಿದೆ. ಅವನು ಎರಡೂ ಕಡೆ ಬೆರಳು ತೂರಿಸಿ ನೋಡಿದ.

"ನಿಮ್ ಕಡೆ ಮೂರು ಬೆಟ್ಟು ಸಲೀಸಾಗ್ ಹೋಯ್ತದೆ ಕಣವ್ವ. ಆ ಕಡೆ ಮೂರನೇದು ಸಿಕ್ಕಂತದೆ. ಯಜಮಾನ್ರು ದಪ್ಪಕ್ಕವ್ರಲ್ವಾ, ಅದ್ಕೇ ಇರ್ಬೇಕು."

"ನೋಡಿದ್ರಾ? ನಾನು ಕೂತ್ರೂ ನನ್ನ ಕಡೆ ಇಳಿದಿಲ್ಲ, ಹಳೇ ಗಟ್ಟಿ ಸ್ಪ್ರಿಂಗೇ ಬಿಟ್ಟಿದ್ದಾನೆ ನಿಮ್ಮ ಮೊಣಕೈ!" ಎಂದು ಹಾರಾಡಿದೆ. "ಸೋಮವಾರ ಮಾರಿಬಿಡಿ." ನಮ್ಮವರು ಗಾಡಿ ಸ್ಟಾರ್ಟ್ ಮಾಡಿದರು. ಚಿಕ್ಕನಾಯಕನಹಳ್ಳಿ ಬಂತು, ಕೆ.ಬಿ. ಕ್ರಾಸ್ ಬಂತು. ಅಲ್ಲಿ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿದ್ದರೂ ಅವರು ಅರ್ಧ ಬಿಟ್ಟು ಎದ್ದರು. ತಿಂಡಿ ಬಿಟ್ಟು ಎದ್ದದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ತೋಟಕ್ಕೆ ಹೋದವಳೇ ಯೋಗೀಶನಿಗೆ, "ಬಿಚ್ಚು," ಎಂದೆ. ಅವನು ಚಕ್ರ ಬಿಚ್ಚಿದ. ಹೊಸ ಸ್ಪ್ರಿಂಗೇ ಇತ್ತು, ನಾಲ್ಕೂ ಮೂಲೆಯಲ್ಲಿ. "ಸಮ ಇಟ್ಟಿದ್ದೆ ಕಣಮ್ಮ, ನಮ್ಮಪ್ಪನಾಣೆ!" ಎಂದು ಅವನೂ ತಲೆ ಕೆರೆದುಕೊಂಡ. ಅಷ್ಟರಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಬಂದ ಗಂಗಮ್ಮನ ಕಣ್ಣು ಮೂಲೆಯ ಚೀಲಗಳ ಮೇಲೆ ಬಿತ್ತು.

"ಯಾಕ್ಲಾ ಯೋಗೀಶ, ಕಾಯಿ ಇಲ್ಲೇ ಬಿದ್ದವೆ? ಕೊಟ್ ಕಳಿಸ್ನಿಲ್ವಾ ಇವ್ರಿಗೆ? ಕೊಸರು ಬ್ಯಾರೆ ಹಾಕಿದ್ನಲ್ಲ!"

"ಕೊಸರಾ?"

"ಹೂಂ ಕಣ್ಲಾ. ನೀನು ತಕ್ಕಡಿ ಮುಳ್ಳಿಗೆ ತೂಗಿ ಮಡಗಿದ್ದೆ. ಮನೆಗೆ ಬಂದ ಹೆಣ್ಮಗಳಿಗೆ ಹಂಗೆ ಕೊಟ್ರೆ ಏನ್ ಚೆಂದ? ಇವ್ರು ಉಣ್ತಿದ್ದಾಗ ಎಡಗಡೆ ಚೀಲಕ್ಕೆ ಎರಡು ಮಂಕರಿ ಸುರುದ್ ಬಂದೆ."

ಈ ಸೀಮೆಯಲ್ಲಿ ಕಾಯಿಯನ್ನು ಲೆಕ್ಕಕ್ಕೆ ಸರಿಯಾಗಿ ಕೊಡುವುದಿಲ್ಲ. ಕೊಟ್ಟ ಮೇಲೆ ಒಂದಿಷ್ಟು ಮೇಲೆ ಹಾಕಬೇಕು, ಅದೇ ಕೊಸರು. ಸೀಟಿನ ಮೇಲಿನ ಚೀಲ ನಮಗೆ ಉಡುಗೊರೆ ಎಂದೇ ಆಕೆ ತಿಳಿದಿದ್ದರು. ಕೆಳಗೆ ಮಲಗಿದ್ದ ಯೋಗೀಶ ಆ ಎರಡು ಬುಟ್ಟಿಯ ಭಾರವನ್ನೂ ನನ್ನದೆಂದೇ ಎಣಿಸಿ ಎಡಗಡೆಯನ್ನು ಎತ್ತಿಬಿಟ್ಟಿದ್ದ.

"ಅಕ್ಕಯ್ಯಾ! ತೂಕಕ್ಕೆ ಮಡಗಿದ್ದು ಕಣೇ ಅದು!" ಎಂದು ತಲೆ ಚಚ್ಚಿಕೊಂಡ. "ಇಳಿಸೋವಾಗ ಭಾರ ಅನ್ನುಸ್ತು. ನಂಗೇ ವಯಸ್ಸಾಯ್ತು ಅನ್ಕಂಡೆ." ಆಮೇಲೆ ನನ್ನ ಕಡೆ ತಿರುಗಿದ. ಅವನಿಗೂ ರೇಗಿತ್ತು. "ಕಳ್ಳನ್ನ ನೋಡ್ದಂಗೆ ನೋಡ್ತೀರಲ್ಲಮ್ಮ, ನಿನ್ನೆ ಅಟ್ಟದ ಹಿಂದೆ ಸಾರ್ ಏನ್ ಕೇಳಿದ್ರು ಗೊತ್ತಾ? ತಿರುವಲ್ಲಿ ಹಿಡಿತ ಹೋದ್ರೂ ಹೋಗ್ಲಿ, ಓಟ ಕೆಟ್ರೂ ಕೆಡ್ಲಿ, ಎಡಸೀಟು ಮೆತ್ತಗಿರಬೇಕು ಅಂದ್ರು. ಒಳ್ಳೇ ಕಾರ್ನ ಎತ್ತಿನ ಗಾಡಿ ಮಾಡಿಸ್ಬ್ಯಾಡಿ ಸಾರ್ ಅಂದೆ. ಕೈ ಮುಗುದ್ರು ಕಣಮ್ಮ."

ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಕೋಪವೂ ಬಂತು. "ಇದನ್ನ ನನಗೇ ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ನಂಬ್ತಿದ್ಯಾ?" ಎಂದರು ನಮ್ಮವರು, ಕಾರಿನ ಕಡೆ ನೋಡುತ್ತ.

ನಂಬುತ್ತಿರಲಿಲ್ಲ. ಹೋಗಿ ಎಡಸೀಟಿನಲ್ಲಿ ಕೂತೆ. "ಈ ಸಲ ಕಾಯಿ ಬೇಡ. ನಾನೇ ಅಲ್ಲಾಡದೆ ಕೂರ್ತೀನಿ," ಎಂದೆ. ನಮ್ಮವರೂ ಪಕ್ಕದಲ್ಲಿ ಕೂತರು, ಯೋಗೀಶ ಉಂಗುರ ತಿರುಗಿಸಿ ಮೂಲೆಗಳನ್ನು ಸಮ ಮಾಡಿದ. ಆಮೇಲೆ ತಿರುವಿನ ಹಿಡಿತ ಮರಳಲೆಂದು, ಶಾಕ್ ಅಬ್ಸಾರ್ಬರಿನ ಗುಂಡಿಯನ್ನು ಒಂದೊಂದೇ ಟಿಕ್ ಬಿಗಿ ಮಾಡಲು ಅವನಿಗೆ ಹೇಳಿದೆ. ಪ್ರತಿ ಟಿಕ್ಕಿಗೂ ತೋಟದ ಕಾಲುದಾರಿಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಬೆನ್ನು ಎಚ್ಚರಿಸಿದೊಡನೆ ಒಂದು ಟಿಕ್ ಹಿಂದಕ್ಕೆ ಮಾಡಿಸಿ, "ಸಾಕು, ಇಲ್ಲಿಗೆ ನಿಲ್ಲಿಸು," ಎಂದೆ. ಯೋಗೀಶನ ಮುಖ ಅರಳಿತು. "ಎತ್ತಿನ ಗಾಡಿ ಆಗ್ಲಿಲ್ಲ ಬುಡಿ ಸಾರ್!" ನಮ್ಮವರು ನನ್ನನ್ನೇ ನೋಡುತ್ತಿದ್ದರು. ಈಗ ಅನುಮಾನ ಅವರ ಕಣ್ಣಿನಲ್ಲಿತ್ತು.

ಹೊರಡುವಾಗ ಗಂಗಮ್ಮ, "ಹಾಕಿದ್ ಕೊಸರು ವಾಪಸ್ ತಗಳಾಕಿಲ್ಲ ಕಣಕ್ಕ," ಎಂದು ಆ ಕಾಯಿಗಳನ್ನೆಲ್ಲ ಡಿಕ್ಕಿಗೆ ತುಂಬಿಸಿದರು. ಭಾನುವಾರ ನುಗ್ಗೇಹಳ್ಳಿಯ ಅದೇ ಹಂಪನ್ನು ಕಾರು ನೇರವಾಗಿ ಹತ್ತಿ ಇಳಿಯಿತು. ನಾನು ತಿರುಗಿ ನೋಡಿದೆ. ಹಿಂದೆ ಬಸ್ಸೊಂದು ಬರುತ್ತಿತ್ತು. ಚನ್ನರಾಯಪಟ್ಟಣ ದಾಟುವ ಮೊದಲೇ ನನಗೆ ನಿದ್ದೆ ಹತ್ತಿತು.

ಸೋಮವಾರ ಡಾಕ್ಟರ ಮಗ ಹೇಳಿದ ಹೊತ್ತಿಗೆ ಬಂದ. ನಾನೇ ಬಾಗಿಲು ತೆಗೆದು, ಕಾರು ಮಾರುವುದಿಲ್ಲ ಎಂದೆ. "ಯಾಕೆ ಆಂಟಿ, ಬೇರೆ ಯಾರಾದ್ರೂ ಜಾಸ್ತಿ ಕೊಡ್ತಾರಾ?" ಎಂದು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಎರಡು ತೆಂಗಿನಕಾಯಿ ಕೊಟ್ಟೆ. ಅವನು ಗೇಟಿನವರೆಗೆ ಹೋಗಿದ್ದ. ಮತ್ತೆ ಕರೆದು ಇನ್ನೊಂದನ್ನು ಕೈಗಿಟ್ಟೆ.