ಬಾಲಕ್ಕೆ ಹಚ್ಚಿದ ಗಂಧ

ಹಬ್ಬದ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಏಳುವುದು ಒಲೆ, ಆಮೇಲೆ ನಾನು. (ಬೂದಿ ಕೆದಕಿದರೆ ಕೆಂಡ ನನಗಿಂತ ಮೊದಲೇ ಕಣ್ಣು ಬಿಟ್ಟಿರುತ್ತದೆ.) ಮೊನ್ನೆ ನಮ್ಮ ಕೊಡಗಿನ ಕೈಲ್ ಮುಹೂರ್ತದ ದಿನವೂ ಹಾಗೇ ಆಯಿತು. ಹಾಲು ಕಾಯಿಸಿದೆ. ಅಕ್ಕಿ ತರಿ ಬೇಯಿಸಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ, ಕಡಂಬುಟ್ಟನ್ನು ಹಬೆಗಿಟ್ಟೆ. ಮಾವನವರಿಗೆ ಬೆಲ್ಲದ ಕಾಫಿ, ಇವರಿಗೆ ಸಕ್ಕರೆ ಕಾಫಿ, ನಾಯಿಗೆ ಹಿಂದಿನ ದಿನದ ರೊಟ್ಟಿ. ಆಮೇಲೆ ಸೆರಗು ಸಿಕ್ಕಿಸಿಕೊಂಡು ದೇವರ ಕೋಣೆಗೆ ಹೋಗಿ, ಸಾಲಾಗಿ ಒರಗಿಸಿಟ್ಟ ಕೋವಿಗಳ ಪಕ್ಕದಲ್ಲಿ ನನ್ನ ವಿಮಾನ ಇಟ್ಟೆ.

ಹೌದು, ವಿಮಾನ. ಸರಿಯಾಗೇ ಓದಿದಿರಿ.

ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದರ ಬಗ್ಗೆ, ಬಸ್ಸಿನಲ್ಲಿ ಹುಂಜದ ಪಕ್ಕ ಕೂತು ಬಂದದ್ದರ ಬಗ್ಗೆ ನಾನು ಇದೇ ಅಂಕಣದಲ್ಲಿ ಬರೆದಾಗ ತಲೆದೂಗಿದವರು ನೀವು. ಈಗ ಹುಬ್ಬೇರಿಸಬೇಡಿ. ಉಪ್ಪಿನಕಾಯಿ ಹಾಕಿದ ಕೈಯೇ ಇದನ್ನೂ ಮಾಡಿದ್ದು.

ನಾಟಿ ಮುಗಿಸಿ, ಕೋವಿ ಕತ್ತಿ ನೇಗಿಲುಗಳನ್ನೆಲ್ಲ ತೊಳೆದು ಒರೆಸಿ, ಹೂವಿಟ್ಟು ಪೂಜಿಸುವ ಹಬ್ಬ ಅದು. ಯಾರ ಕೈಯಲ್ಲಿ ಯಾವ ಆಯುಧವೋ ಅದಕ್ಕೆ ಅವತ್ತು ಮರ್ಯಾದೆ. ಹಾಗಿದ್ದ ಮೇಲೆ ನನ್ನದಕ್ಕೆ ಯಾಕಿಲ್ಲ?

ಮಾವನವರು ಗಂಧ ತೇಯಲು ಬಂದವರು ಬಾಗಿಲಲ್ಲೇ ನಿಂತರು. ರೆಕ್ಕೆ ಗೋಡೆಯಿಂದ ಗೋಡೆಗೆ ಮುಟ್ಟುವಷ್ಟಿತ್ತು. ಕಾಲಿಡಲು ಜಾಗವಿರಲಿಲ್ಲ.

"ಪೂಜೆ ಆಯುಧಕ್ಕಮ್ಮ. ಆಟದ ಸಾಮಾನಿಗಲ್ಲ."

"ಇರಲಿ ಮಾವ. ಅದರ ಪಾಡಿಗೆ ಅದು ಇರ್‍ತದೆ."

ತಗ್ಗಿದ ದನಿಯಲ್ಲಿ ಮಾತಾಡಬೇಕೆಂದು ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದಾರೆ. ತಗ್ಗಿದ ದನಿಯಲ್ಲಿ ಹಟ ಮಾಡಬಾರದೆಂದು ಯಾರೂ ಕಲಿಸಿಲ್ಲ. ನಾನು ಅಡುಗೆಮನೆಗೆ ಹೋದೆ. ವಿಮಾನ ಅಲ್ಲೇ ಉಳಿಯಿತು.

ಇದು ಹುಟ್ಟಿದ ಕತೆ ಹೇಳಿಬಿಡುತ್ತೇನೆ. ತಂಗಿಯ ಗಂಡ ಮಂಗಳೂರಿನ ಒಂದು ಐಸ್ ಕಾರ್ಖಾನೆಯಲ್ಲಿದ್ದಾರೆ. ತಣ್ಣನೆಯ ಕೋಣೆಯ ಗೋಡೆಗೆ ಹೊದಿಸುವ ಥರ್ಮೊಕೋಲ್ ಎಂಬ ಬಿಳಿ ಹಲಗೆಗಳು ಅವರಲ್ಲಿ ಮಿಕ್ಕಿದ್ದವು. ಬೇಕೆಂದು ಬರೆದೆ. ಬಸ್ಸಿನ ಟಾಪಿನ ಮೇಲೆ ಬಂದವು. ಮಾದಾಪುರದಲ್ಲಿ ಮೂಟೆ ಇಳಿಸಿದ ಕಂಡಕ್ಟರ್, ಮಂಗಳೂರಿಂದ ಗಾಳಿ ಕಟ್ಟಿ ಕಳಿಸಿದ್ದಾರಾ ಅಂತ ಕೇಳಿದ. ಅಷ್ಟು ಹಗುರ.

ನಕ್ಷೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಂಗೈ ಅಗಲದ್ದಿತ್ತು. ಅದನ್ನು ದೊಡ್ಡದು ಮಾಡಲು ನನಗೇನೂ ಕಷ್ಟವಾಗಲಿಲ್ಲ. ಕಸೂತಿಯ ಹೂವನ್ನು ಚೌಕ ಹಾಕಿ ಮೇಜುವಸ್ತ್ರಕ್ಕೆ ಹಿಗ್ಗಿಸುವುದಿಲ್ಲವೇ? ಅದೇ ಲೆಕ್ಕ. ರವಿಕೆಗೆ ಕಟಿಂಗ್ ಮಾಡುವ ಹಾಗೆ ಕಾಗದದಲ್ಲಿ ಕತ್ತರಿಸಿ, ಹಲಗೆಯ ಮೇಲಿಟ್ಟು, ಟೈಲರ್ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಜೀಪಿನ ಬ್ಯಾಟರಿಗೆ ಸಿಕ್ಕಿಸಿದರೆ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತದೆ. (ಜೀಪು ಒಂದು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಇವರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.)

ಮೊದಲನೆಯ ರೆಕ್ಕೆಗೆ ಆಸೆಪಟ್ಟು ಗೇಟಿಗೆ ಬಳಿಯುವ ಪೇಂಟ್ ಬಳಿದೆ. ಕಣ್ಣೆದುರೇ ಕರಗಿಹೋಯಿತು, ಮಳೆಗೆ ಸಿಕ್ಕ ಸಕ್ಕರೆಯ ಹಾಗೆ. ಥರ್ಮೊಕೋಲಿಗೆ ಪೇಂಟೂ ಆಗದು, ಸೀಮೆಎಣ್ಣೆಯೂ ಆಗದು. ಎರಡನೆಯ ರೆಕ್ಕೆಗೆ ಎರಡೂ ಮೈಗೆ ಬ್ರೌನ್ ಪೇಪರ್ ಅಂಟಿಸಿದೆ. ಅಂಟು ಮೈದಾದ್ದು. ಜಿರಳೆ ಮುಟ್ಟದಿರಲೆಂದು ತೋಟಕ್ಕೆ ಹೊಡೆಯುವ ಮೈಲುತುತ್ತದಲ್ಲಿ ಒಂದು ಚಿಟಿಕೆ ಬೆರೆಸಿದೆ.

ಎಂಜಿನ್ ಮತ್ತು ರೇಡಿಯೋ ನನ್ನ ಅಣ್ಣನ ಕೊಡುಗೆ. ಮಿಲಿಟರಿಯಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದು ನಿವೃತ್ತನಾದವನು. ಕೈಯಲ್ಲಿ ಹಿಡಿಯುವ ಪೆಟ್ಟಿಗೆಗೆ ಗುಂಡಿ ಒಂದೇ. ಒಂದು ಸಲ ಒತ್ತಿದರೆ ಬಾಲದ ಚುಕ್ಕಾಣಿ ಬಲಕ್ಕೆ, ಎರಡು ಸಲ ಒತ್ತಿದರೆ ಎಡಕ್ಕೆ. ಆ ಚುಕ್ಕಾಣಿಯನ್ನು ಬಾಲಕ್ಕೆ ಕೂಡಿಸಿದ್ದು ಕಬ್ಬಿಣದ ಕೀಲಲ್ಲ. ರೇಷ್ಮೆ ದಾರ. ಅತ್ತ ಒಂದು, ಇತ್ತ ಒಂದು, ಹೊಲಿಗೆಯ ಮೇಲೆ ಹೊಲಿಗೆ. ನಾನು ಹಾಕಿದ ಅತ್ಯಂತ ಸಣ್ಣ ಹೊಲಿಗೆ ಅದೇ ಇರಬೇಕು. ನಮ್ಮ ಗದ್ದೆಯಲ್ಲಿ ಬೇಸಿಗೆಯಿಡೀ ಹಾರಿಸಿದ್ದೇನೆ, ಬೀಳಿಸಿದ್ದೇನೆ, ಮತ್ತೆ ಅಂಟಿಸಿದ್ದೇನೆ. ನೋಡಿದವರು ಇವರು ಮತ್ತು ಬೆಳ್ಳಕ್ಕಿಗಳು.

ಇರಲಿ. ಹಬ್ಬಕ್ಕೆ ಮೊದಲೇ ಸುದ್ದಿ ಶಾಲೆಯ ಮೈದಾನದವರೆಗೆ ಹೋಯಿತು. ಹಬ್ಬದ ಆಟೋಟಗಳನ್ನು ನಡೆಸುವವರು ನಮ್ಮೂರಿನ ನಿವೃತ್ತ ಸುಬೇದಾರರು. ಒಳ್ಳೆಯವರು. ಮನೆಗೇ ಬಂದು, ವಿಮಾನ ನೋಡಿ, ಬಹಳ ಹೊಗಳಿದರು. ಆಮೇಲೆ ಇವರ ಕಡೆ ತಿರುಗಿ, ಮೈದಾನದಲ್ಲಿ ನೀವು ಹಾರಿಸಿ, ಅಮ್ಮನವರು ಬಹುಮಾನ ಹಂಚಲಿ ಎಂದರು. ನಾನೇ ಹಾರಿಸುತ್ತೇನೆ ಎಂದೆ. ಅಷ್ಟು ಜನರ ಮುಂದೆ ಕೈ ನಡುಗಬಹುದಲ್ಲ ಎಂದರು. ಹೆಂಗಸರಿಗೆ ಹೇಗೂ ನಿಂಬೆಹಣ್ಣು ಚಮಚ ಉಂಟಲ್ಲ ಎಂದೂ ಸೇರಿಸಿದರು.

ಆ ಆಟವನ್ನು ಯೋಚಿಸಿದ್ದೀರಾ? ಚಮಚ ಬಾಯಲ್ಲಿ ಕಚ್ಚಿ ಹಿಡಿಯಬೇಕು. ಅದರ ಮೇಲೆ ನಿಂಬೆಹಣ್ಣು. ಕೈ ಹಿಂದೆ ಕಟ್ಟಬೇಕು, ತಲೆ ಅಲ್ಲಾಡಿಸಬಾರದು, ಮಾತಾಡಬಾರದು, ಓಡಲೂಬಾರದು. ಗೆದ್ದವಳಿಗೆ ಸ್ಟೀಲ್ ಲೋಟ. ಕೊಡಗು ಮೈಸೂರಿಗೆ ಸೇರಿದ ಮೇಲೆ ಏನೆಲ್ಲ ಬದಲಾಗಿಹೋಯಿತು ಅಂತ ಗಂಡಸರು ಕ್ಲಬ್ಬಿನಲ್ಲಿ ಕೂತು ಮರುಗುತ್ತಾರೆ. ನಿಂಬೆಹಣ್ಣು ಚಮಚ ಬದಲಾಗಿಲ್ಲ, ಗಮನಿಸಿ.

ಇವರು ಒಂದೇ ಮಾತು ಹೇಳಿದರು, ನನಗೆ ಆ ಗುಂಡಿ ಒತ್ತಲು ಬರುವುದಿಲ್ಲ ಅಂತ. ಸುಬೇದಾರರು ಒಪ್ಪಿಕೊಳ್ಳಬೇಕಾಯಿತು.

ಹಬ್ಬದ ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತ್ತು. ಮೊದಲು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮೈದಾನದ ಅಂಚಿನ ಎತ್ತರದ ಮರದಲ್ಲಿ ಕಾಯಿ ಕಟ್ಟಿದ್ದರು. ಒಬ್ಬೊಬ್ಬರಾಗಿ ಬಂದು ಹೊಡೆದರು. ಒಬ್ಬರ ಗುಂಡು ಮೇಲೆ ಹೋಯಿತು, ಕಾರಣ ಗಾಳಿ. ಇನ್ನೊಬ್ಬರದು ಪಕ್ಕಕ್ಕೆ ಹೋಯಿತು, ಕೋವಿಯ ತೋಟೆ ಹಳೆಯದು. ಮಾವನವರದೂ ತಪ್ಪಿತು, ಬಿಸಿಲು ಕಣ್ಣಿಗೆ. (ಮೋಡ ಕವಿದಿತ್ತು.) ಊಟದ ನಂತರ ಮುಂದುವರಿಸೋಣ ಅಂತ ಮೈಕಿನಲ್ಲಿ ಸಾರಿದರು.

ಊಟವಾದ ಮೇಲೆ ನನ್ನನ್ನು ಕರೆದರು. ಎಂಜಿನ್ ಶುರು ಮಾಡುವ ಮೊದಲು ಗುಂಡಿ ಒತ್ತಿದೆ. ವಿಮಾನದ ಹೊಟ್ಟೆಯೊಳಗೆ ಟಿಕ್ ಅಂದದ್ದು ಕೇಳಿತು, ಸರಿ ಎಂದುಕೊಂಡು ಶುರು ಮಾಡಿದೆ. ಇವರು ಅದನ್ನು ತಲೆಯ ಮೇಲೆತ್ತಿ ಹಿಡಿದು, ಪಂಚೆ ಒದ್ದೆ ಹುಲ್ಲಿನಲ್ಲಿ ಎಳೆಯುತ್ತಿದ್ದ ಹಾಗೇ ಓಡಿ ಬಿಟ್ಟರು. ಏರಿತು. ಇಡೀ ಮೈದಾನದ ಮುಖಗಳು ಒಟ್ಟಿಗೇ ಮೇಲೆದ್ದವು.

ಬಲಕ್ಕೆ ತಿರುಗಿಸಲು ಒತ್ತಿದೆ. ತಿರುಗಲಿಲ್ಲ. ಮತ್ತೆ ಒತ್ತಿದೆ. ಅದು ತನ್ನಿಷ್ಟಕ್ಕೆ ಎಡಕ್ಕೆ ವಾಲುತ್ತ, ಸುತ್ತುತ್ತ, ಬೇಲಿಯಾಚೆಯ ಕಾಫಿ ಗಿಡಗಳ ಮೇಲೆ ಕವುಚಿ ಬಿತ್ತು.

ಆಗ ಹಿಂದಿನಿಂದ ಕೇಳಿದ ಮಾತನ್ನು ನಾನು ಬರೆಯಬೇಕಾಗಿಲ್ಲ, ನಿಮಗೇ ಗೊತ್ತು. ಹೆಂಗಸಿನ ಕೈ ಅಂದರು. ನಡುಗಿತು ಅಂದರು. ಪಾಪ ಅಂತಲೂ ಅಂದರು, ಅದು ಎಲ್ಲಕ್ಕಿಂತ ಚುಚ್ಚಿತು. ಗಾಳಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಸುಬೇದಾರರು ಮೈಕಿನಲ್ಲಿ, ಚಿಂತೆಯಿಲ್ಲ, ಇನ್ನೊಂದು ಸಲ ಅವರ ಯಜಮಾನರು ಹಾರಿಸಿ ತೋರಿಸುತ್ತಾರೆ ಎಂದು ಸಮಾಧಾನ ಹೇಳಿದರು.

ವಿಮಾನ ಎತ್ತಿ ತಂದು ಚಾಪೆಯ ಮೇಲೆ ಮಲಗಿಸಿದೆ. ರೆಕ್ಕೆಯ ತುದಿಯಲ್ಲಿ ಪೇಪರ್ ಹರಿದು ಬಿಳಿ ಕಾಳು ಉದುರುತ್ತಿತ್ತು. ಪ್ರೊಪೆಲರ್ ಮುರಿದಿತ್ತು, ಬದಲಿ ಒಂದಿತ್ತು, ಹಾಕಿದೆ. ಆದರೆ ತಿರುಗಲಿಲ್ಲ ಯಾಕೆ?

ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಯಾವ ಬಟ್ಟೆಯನ್ನು ಕೊಟ್ಟರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುತ್ತಿದ್ದರು. ನಾನೂ ತಿರುಗಿಸಿದೆ. ಬಾಲದ ಎಡಗಡೆ, ಚುಕ್ಕಾಣಿಯ ಹೊಲಿಗೆಯ ಮೇಲೆಯೇ, ಗಂಧ. ಹೆಬ್ಬೆರಳ ಅಗಲ. ಒಣಗಿ ಗಟ್ಟಿಯಾಗಿ, ನನ್ನ ಅಷ್ಟೂ ಸಣ್ಣ ಹೊಲಿಗೆಗಳನ್ನು ಕಚ್ಚಿ ಹಿಡಿದಿತ್ತು. ಒಳಗಿನ ಯಂತ್ರ ಟಿಕ್ ಅನ್ನುತ್ತಿತ್ತು, ಎಳೆಯುವ ಶಕ್ತಿ ಅದಕ್ಕೆ ಸಾಲುತ್ತಿರಲಿಲ್ಲ. ಟಿಕ್ ಅಂದದ್ದನ್ನು ಕೇಳಿದ ನಾನು ಬಾಲ ನೋಡಲಿಲ್ಲ.

ನಮ್ಮ ಮನೆಯಲ್ಲಿ ಆಯುಧಕ್ಕೆ ಗಂಧ ಹಚ್ಚುವವರು ಒಬ್ಬರೇ.

ತಲೆಯೆತ್ತಿ ನೋಡಿದೆ. ಮಾವನವರು ಕೋವಿ ಊರಿಕೊಂಡು ದೂರದಲ್ಲಿ ನಿಂತು, ಮೋಡವನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದರು. ಆಟದ ಸಾಮಾನಂತೆ! ನಾನು ಅಡುಗೆಮನೆಗೆ ಹೋದ ಮೇಲೆ, ರೆಕ್ಕೆ ದಾಟಲಾಗದೆ, ಕೈಗೆಟುಕಿದ ಬಾಲಕ್ಕೆ ಹಚ್ಚಿದ್ದಾರೆ. ಯಾರಿಗೂ ಹೇಳದೆ.

ಮೈಕಿನ ಹತ್ತಿರ ಹೋಗಿ ಕಾರಣ ಹೇಳಬಹುದಿತ್ತು. ಹೇಳಿದ್ದರೆ ಮೈದಾನವೆಲ್ಲ ನಗುತ್ತಿತ್ತು, ನನ್ನ ಬದಲು ಮಾವನವರನ್ನು ನೋಡಿ. ನನಗೆ ಬೇಕಾದದ್ದು ಅದಾಗಿರಲಿಲ್ಲ. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು, ಹೊಲಿಗೆ ಹೊಲಿಗೆಯಿಂದ ಗಂಧ ಕೆರೆದೆ. ಚುಕ್ಕಾಣಿ ಆಡುವವರೆಗೆ ಮಾತ್ರ. ಆಚೆಗೆ ಅಂಟಿದ್ದನ್ನು ಹಾಗೇ ಬಿಟ್ಟೆ. ಬುತ್ತಿಯಲ್ಲಿ ಉಳಿದಿದ್ದ ಒಂದು ಕಡಂಬುಟ್ಟು ಹಿಸುಕಿ, ಹರಿದ ರೆಕ್ಕೆಗೆ ಪೇಪರ್ ಮೆತ್ತಿದೆ. (ಮೈದಾಗಿಂತ ಚೆನ್ನಾಗಿ ಹಿಡಿಯುತ್ತದೆ. ಬೇಕಾದವರು ಮಾಡಿ ನೋಡಿ.)

ಅಷ್ಟರಲ್ಲಿ ಸುಬೇದಾರರು ಬಂದು ಪೆಟ್ಟಿಗೆಗೆ ಕೈ ನೀಡಿದರು.

"ಕೊಡಿ ಅಮ್ಮ, ಯಜಮಾನರ ಕೈಗೆ ಕೊಡುವ. ಮೈಕಿನಲ್ಲಿ ಹೇಳಿ ಆಗಿದೆ."

"ಹಾಗಾದ್ರೆ ಮೈಕಿನಲ್ಲೇ ತಿದ್ದಿ ಹೇಳಿ ಸುಬೇದಾರ್ರೇ. ಬೀಳಿಸಿದ್ದೂ ನಾನೇ, ಹಾರಿಸೋದೂ ನಾನೇ."

"ಮತ್ತೆ ಬಿದ್ದರೆ?"

"ಮತ್ತೆ ಅಂಟಿಸ್ತೇನೆ."

ಅವರು ಇವರ ಮುಖ ನೋಡಿದರು. ಇವರು ಆಗಲೇ ಪಂಚೆ ಎತ್ತಿ ಕಟ್ಟಿ, ವಿಮಾನ ಹಿಡಿದು ಓಡಲು ನಿಂತಿದ್ದರು. ಸುಬೇದಾರರು ಮೈಕಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ತಿದ್ದಿ ಹೇಳಿದರು. ನನ್ನ ಹೆಸರು ಹಿಡಿದು ಹೇಳಿದರು. ಇಂಥವರ ಹೆಂಡತಿ, ಇಂಥವರ ಸೊಸೆ ಅನ್ನದೆ ನನ್ನ ಹೆಸರನ್ನು ಮೈಕಿನಲ್ಲಿ ಕೇಳಿದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು.

ಈ ಸಲ ಬಾಲ ಆಡುವುದನ್ನು ಕಣ್ಣಾರೆ ನೋಡಿದೆ. ಬಿಟ್ಟರು. ಏರಿತು. ಒಂದು ಸಲ ಒತ್ತಿದೆ. ಬಲಕ್ಕೆ ಬಂತು, ಕರೆದ ಕರುವಿನ ಹಾಗೆ. ಶಾಲೆಯ ಹೆಂಚಿನ ಮೇಲೆ, ಕಾಯಿ ಕಟ್ಟಿದ ಮರದ ತುದಿಯ ಮೇಲೆ, ಕೋವಿ ಹಿಡಿದವರ ತಲೆಗಳ ಮೇಲೆ ಸುತ್ತು ಹಾಕಿಸಿದೆ. ಬಾಯಲ್ಲಿ ಚಮಚ ಕಚ್ಚಿ ಸಾಲಿನಲ್ಲಿ ನಿಂತಿದ್ದ ಹೆಂಗಸರು ಮೇಲೆ ನೋಡಿದ್ದೇ, ನಿಂಬೆಹಣ್ಣುಗಳೆಲ್ಲ ಹುಲ್ಲಿನ ಮೇಲೆ ಉದುರಿದವು. ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಎಣ್ಣೆ ಮುಗಿದು ಎಂಜಿನ್ ನಿಂತಾಗ ಅದು ಸದ್ದಿಲ್ಲದೆ ತೇಲಿ ಬಂದು, ನನ್ನಿಂದ ಸ್ವಲ್ಪ ದೂರದಲ್ಲಿ ಹುಲ್ಲಿಗೆ ಹೊಟ್ಟೆ ತಾಗಿಸಿ ನಿಂತಿತು.

ನನ್ನ ಕೈ ನಡುಗಿತೇ? ನಡುಗಿತು, ಇಳಿದ ಮೇಲೆ. ಅದಕ್ಕೇನೀಗ?

ಮನೆಗೆ ಬರುವಾಗ ಜೀಪಿನಲ್ಲಿ ಮಾವನವರು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗೇಟಿನ ಹತ್ತಿರ ಬಂದಾಗ ಕೇಳಿದರು.

"ಗಂಧ ಪೂರಾ ತೆಗೆದೆಯಾ?"

"ಹೊಲಿಗೆಯದ್ದು ಮಾತ್ರ ಮಾವ. ಪಕ್ಕದ್ದು ಉಂಟು."

"ಹ್ಞೂಂ. ಬರುವ ವರ್ಷ ಎಲ್ಲಿ ಹಚ್ಚಬೇಕು ಅಂತ ಮೊದಲೇ ಹೇಳು."

ಸಂಜೆ ಅಂಗಳದಲ್ಲಿ ಕೂತು ರೆಕ್ಕೆಗೆ ಅಂಟಿದ ಕಾಫಿ ಎಲೆ ಬಿಡಿಸುತ್ತಿದ್ದೆ. ಪಕ್ಕದ ತೋಟದ ಸೀತಮ್ಮಕ್ಕ, ನಾನು ಸಾರು ಕೊಟ್ಟು ಕಳಿಸಿದ್ದ ಪಾತ್ರೆ ಹಿಂತಿರುಗಿಸಲು ಬಂದರು. ವಿಮಾನದ ಬಗ್ಗೆ ಒಂದಕ್ಷರ ಆಡಲಿಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು ಎಂದರು. ಮಳೆ ಮತ್ತೆ ಹಿಡಿಯುತ್ತದೆ ಎಂದರು. ಹೊರಟವರು ಬೇಲಿಯ ತಡಮೆ ದಾಟುತ್ತ, ತಿರುಗಿಯೂ ನೋಡದೆ ಹೇಳಿದರು:

"ಆ ತೆಂಗಿನಕಾಯಿ ಇನ್ನೂ ಮರದಲ್ಲೇ ಉಂಟಂತೆ ಮಾರಾಯ್ತಿ."